ಪರನಾಡಿನಲ್ಲಿ ಹಾಡಿ ಉಣ್ಣುವುದು

ತನ್ನ ಜನರ ದುಃಖದಿಂದ ಹುಟ್ಟಿದ ಹಾಡನ್ನು, ಆ ದುಃಖದ ಸೋಂಕೂ ಇಲ್ಲದ ಪರದೇಶದವರ ಮುಂದೆ ಹಾಡಿ, ಅವರು ಕೊಟ್ಟ ಹಣದಿಂದ ಹೊಟ್ಟೆ ಹೊರೆಯುವುದು ಧರ್ಮವೋ ಅಧರ್ಮವೋ? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ಶಾಸ್ತ್ರಜ್ಞರಲ್ಲ, ಸಂಗೀತ ವಿದ್ವಾಂಸರೂ ಅಲ್ಲ. ನಾರಾಯಣಖೇಡದ ಕಡೆಯ ಒಂದು ಹಳ್ಳಿಯವನಾಗಿ, ಮೂವತ್ತು ವರ್ಷಗಳ ಹಿಂದೆ ನಮ್ಮ ಕೈಯಲ್ಲಿ ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಮುಗಿಸಿದ ಒಬ್ಬ ವಿದ್ಯಾರ್ಥಿ, ಕಳೆದ ವರ್ಷ ದೂರವಾಣಿಯಲ್ಲಿ ಕೇಳಿದನು. ಆತ ಈಗ ಕೊಲ್ಲಿ ದೇಶವೊಂದರ ಹೋಟೆಲಿನಲ್ಲಿ ಸಂಜೆಯ ಹೊತ್ತು ಗಿಟಾರ್ ನುಡಿಸಿ ಹಾಡುತ್ತಾನೆ. ಹೋದದ್ದು ವಿದ್ಯುತ್ ಕೆಲಸಕ್ಕೆ. ಹೈದರಾಬಾದಿನಲ್ಲಿ ಐಟಿಐ ಓದುವಾಗ ಕಲಿತ ಗಿಟಾರು ಅವನನ್ನು ವೈರು ಇಕ್ಕಳಗಳಿಂದ ಬಿಡಿಸಿ ವೇದಿಕೆಗೆ ಒಯ್ದಿತು. ತಂಡದಲ್ಲಿ ಗೋವೆಯವನೊಬ್ಬ, ಫಿಲಿಪ್ಪೀನ್ಸಿನವನೊಬ್ಬ, ಇವನೊಬ್ಬ. ಅವರು ಹೆಚ್ಚಾಗಿ ನುಡಿಸುವುದು ಬ್ಲೂಸ್ ಎಂಬ ಅಮೆರಿಕದ ಕರಿಯರ ಸಂಗೀತವನ್ನು.

ಆ ಹೋಟೆಲಿನವರು ಭಾರತದ ಹೆಸರಿನಲ್ಲಿ ಒಂದು ವಾರದ ಭೋಜನೋತ್ಸವ ಏರ್ಪಡಿಸಿದರಂತೆ. ಇವನನ್ನು ಕರೆದು, ಕೆಂಪು ಪೇಟ ಸುತ್ತಿಕೊಂಡು, ಹಗ್ಗದ ಮಂಚದ ಮೇಲೆ ಏಕತಾರಿ ಹಿಡಿದು ಕುಳಿತು, ‘ಹಳ್ಳಿಯವನಂತೆ’ ಹಾಡಬೇಕೆಂದರಂತೆ. ಅವನು ಹಳ್ಳಿಯವನೇ. ಅವನ ತಂದೆ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದವನೇ. ಆದರೂ ಅವನಿಗೆ ಮನಸ್ಸು ಒಪ್ಪಲಿಲ್ಲ. “ಸರ್, ನಮ್ಮಪ್ಪ ಇಂಥಾ ರುಮಾಲ ಎಂದೂ ಸುತ್ತಿದಾಂವ ಅಲ್ರಿ. ನಾ ಸುತ್ತಿಕೊಂಡ್ರ ತಪ್ಪೇನ್ರಿ?” ಎಂದು ಕೇಳಿದನು. ವಿಚಾರ ಮಾಡಿ ಹೇಳುವೆವೆಂದು ಫೋನು ಇಟ್ಟೆವು. ಆ ವಿಚಾರವೇ ಈ ಲೇಖನ.

ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಇವನು ಬಾಲಕನಾಗಿದ್ದಾಗ ತಂದೆಯೊಡನೆ ರಾತ್ರಿಯೆಲ್ಲ ಭಜನೆಗೆ ಹೋಗಿ, ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಿದ್ದನು. ನಾವು ತಂದೆಯನ್ನು ಶಾಲೆಗೆ ಕರೆಸಿ, ಹಾಡಿನಿಂದ ಹೊಟ್ಟೆ ತುಂಬುವುದಿಲ್ಲ, ಮಗನನ್ನು ಕರೆದೊಯ್ಯಬೇಡ ಎಂದು ಎಲ್ಲರ ಎದುರಿಗೇ ಹೇಳಿದೆವು. ಆತ ಮರುಮಾತಾಡದೆ ಕೈ ಮುಗಿದು ಹೋದನು. ಸುಗ್ಗಿಯ ಕಾಲದಲ್ಲಿ ಊರಿಂದೂರಿಗೆ ನಡೆದು ಹಾಡಿ, ಮನೆಮನೆಯಲ್ಲಿ ಸೇರು ಅಚ್ಚೇರು ಜೋಳ ಪಡೆದು, ಆ ಜೋಳದಿಂದಲೇ ಮಗನ ಪಾಟಿ ಪುಸ್ತಕ ಕೊಂಡವನಿಗೆ ನಾವು ಈ ಮಾತು ಹೇಳಿದ್ದೆವು. ಅಂದು ಅದು ಹೊಳೆಯಲಿಲ್ಲ.

ಬ್ಲೂಸ್ ಎಂದರೇನೆಂಬುದನ್ನು ನಾವು ತಿಳಿಯತೊಡಗಿದ್ದು ಎಪ್ಪತ್ತು ದಾಟಿದ ಮೇಲೆ, ಮೊಮ್ಮಗಳ ಮೊಬೈಲಿನಲ್ಲಿ. ಮೊದಮೊದಲು ಒಂದು ಹಾಡಿಗೂ ಇನ್ನೊಂದಕ್ಕೂ ಭೇದವೇ ತಿಳಿಯಲಿಲ್ಲ. ಇಂಗ್ಲಿಷಿನಲ್ಲಿ ನೀಲಿ ಬಣ್ಣವೆಂದರೆ ಖಿನ್ನತೆ. ಅದರಿಂದ ಬಂದ ಹೆಸರು. 1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಆದರೆ ಮಿಸಿಸಿಪ್ಪಿಯಂಥ ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಬಿಳಿಯರ ಹೊಲಗಳಲ್ಲಿ ಪಾಲಿಗೆ ದುಡಿದು, ವರ್ಷದ ಕೊನೆಗೆ ಸಾಲವನ್ನೇ ಮನೆಗೆ ತರುತ್ತಿದ್ದರು. ಅವರ ಕೂಲಿಯ ಹಾಡು, ಪ್ರಾರ್ಥನೆಯ ಹಾಡುಗಳ ನೆಲದಲ್ಲಿ ಈ ಸಂಗೀತ ಮೊಳೆಯಿತು. ಇದರ ಕಟ್ಟು ಬಲು ಸರಳ: ಒಂದು ಸಾಲು ಹಾಡುತ್ತಾರೆ, ಅದನ್ನೇ ಮತ್ತೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಬರುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ತಾಯಂದಿರೂ ಒಂದು ನುಡಿಯನ್ನು ಎರಡು ಸಲ ಹಾಡಿ ಮುಂದಿನದನ್ನು ಹುಡುಕಿಕೊಳ್ಳುತ್ತಿದ್ದರು. ದುಃಖಕ್ಕೆ ಒಂದೇ ಸಲ ಹೇಳಿದರೆ ಸಾಲದು. ಎರಡನೆಯ ಸಲ ಹೇಳುವಾಗ ಅದು ಸ್ವಲ್ಪ ಹಗುರಾಗಿರುತ್ತದೆ. ತಾಂಡೂರಿನ ಕಲ್ಲಿನ ಗಣಿಗಳಲ್ಲಿ ದುಡಿದವರು, ನಾರಾಯಣಖೇಡದ ತಾಂಡಾಗಳಿಂದ ಕಬ್ಬು ಕಡಿಯಲು ಮನೆಗೆ ಬೀಗ ಹಾಕಿ ಹೋಗುವವರು ಈ ಮಾತನ್ನು ನಮಗಿಂತ ಚೆನ್ನಾಗಿ ಬಲ್ಲರು.

ಆ ಸಂಗೀತದವರು ಪರದೇಶಕ್ಕೆ ಹೋದಾಗ ಏನಾಯಿತೆಂಬುದರಲ್ಲಿ ನಮ್ಮ ಹುಡುಗನ ಪೇಟದ ಕಥೆ ಮೊದಲೇ ನಡೆದುಹೋಗಿದೆ. ಬಿಗ್ ಬಿಲ್ ಬ್ರೂಂಜಿ ಎಂಬ ಗಾಯಕ ಶಿಕಾಗೋ ನಗರದಲ್ಲಿ ಬಹುಕಾಲ ನೆಲೆಸಿ, ಸೂಟು ಧರಿಸಿ, ತಂಡ ಕಟ್ಟಿಕೊಂಡು ಹಾಡಿ ನೂರಾರು ಧ್ವನಿಮುದ್ರಿಕೆಗಳನ್ನು ತಂದವನು. ಆದರೆ 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನ ವೇದಿಕೆಗೆ ಕರೆದಾಗ ಅವನನ್ನು ಸಭೆಗೆ ಪರಿಚಯಿಸಿದ್ದು ಹೊಲದ ಕೂಲಿಯವನೆಂದು. ಮುಂದೆ ಹಾಡಿನಿಂದ ಹೊಟ್ಟೆ ತುಂಬದೆ, ಅಯೋವಾ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ನಿಂತನು. 1951ರಲ್ಲಿ ಯುರೋಪಿಗೆ ಹೋಗುವ ಅವಕಾಶ ದೊರೆಯಿತು. ಅಲ್ಲಿಯ ಶ್ರೋತೃಗಳಿಗೆ ಬೇಕಾದದ್ದು ಶಿಕಾಗೋದ ವೃತ್ತಿಗಾಯಕನಲ್ಲ. ನೇಗಿಲು ಬಿಟ್ಟು ಈಗ ತಾನೇ ಎದ್ದು ಬಂದ ಹೊಲದಾಳು. ಅವನು ಒಂಟಿ ಗಿಟಾರು ಹಿಡಿದು ಅವರಿಗೆ ಬೇಕಾದವನಾದನು. ಗೌರವ ದೊರೆಯಿತು, ಹಣವೂ ದೊರೆಯಿತು.

ಮಡ್ಡಿ ವಾಟರ್ಸ್ ಎಂಬವನದು ಇನ್ನೂ ವಿಚಿತ್ರ. ಅವನು ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ಟ್ರಾಕ್ಟರು ನಡೆಸುತ್ತಿದ್ದನು. ಜಹೀರಾಬಾದಿನ ಓದುಗರಿಗೆ ಟ್ರಾಕ್ಟರಿನ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಗಂಟೆಗೆ 22.5 ಸೆಂಟು ಕೂಲಿ. ಅದನ್ನು 25 ಮಾಡಿರೆಂದು ಕೇಳಿ, ಇಲ್ಲವೆನಿಸಿಕೊಂಡು, 1943ರಲ್ಲಿ ಶಿಕಾಗೋಗೆ ರೈಲು ಹತ್ತಿದನು. ಗದ್ದಲದ ಪಟ್ಟಣದ ಪಾನಗೃಹಗಳಲ್ಲಿ ದನಿ ಕೇಳಿಸಬೇಕಲ್ಲವೇ? ವಿದ್ಯುತ್ ಗಿಟಾರು ಹಿಡಿದನು. 1958ರಲ್ಲಿ ಅದೇ ಗಿಟಾರಿನೊಡನೆ ಇಂಗ್ಲೆಂಡಿಗೆ ಹೋದಾಗ ಅಲ್ಲಿಯ ಕೆಲವು ರಸಿಕರು ಕಿವಿ ಮುಚ್ಚಿಕೊಂಡರು. ಇದು ಹಳ್ಳಿಯ ಶುದ್ಧ ಸಂಗೀತವಲ್ಲ ಎಂದರು. ಅವನು ವಿನಯದಿಂದ 1963ರಲ್ಲಿ ಮರಳಿ ಬರುವಾಗ ಹಳೆಯ ಮರದ ಗಿಟಾರನ್ನೇ ಹಿಡಿದು ಬಂದನು. ಅಷ್ಟರಲ್ಲಿ ಅಲ್ಲಿಯ ಹೊಸ ಹುಡುಗರ ರುಚಿ ತಿರುಗಿತ್ತು. ವಿದ್ಯುತ್ ಗಿಟಾರು ಎಲ್ಲಿ ಎಂದು ಅವರು ಕೇಳಿದರು! ಪರರ ಕಿವಿಯನ್ನು ಅಳತೆ ಮಾಡಿಕೊಂಡು ಹೊಲಿದ ಅಂಗಿ, ಹೊಲಿದು ಮುಗಿಯುವಷ್ಟರಲ್ಲಿ ಬಿಗಿಯಾಗಿರುತ್ತದೆ.

1964ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದುದನ್ನು ನಾವು ಚಲನಚಿತ್ರದಲ್ಲಿ ಕಣ್ಣಾರೆ ಕಂಡೆವು. ಇಂಗ್ಲೆಂಡಿನ ದೂರದರ್ಶನ ಸಂಸ್ಥೆಯೊಂದು, ರೈಲು ನಿಲ್ಲದೆ ಪಾಳುಬಿದ್ದಿದ್ದ ಒಂದು ನಿಲ್ದಾಣವನ್ನು ಅಮೆರಿಕದ ದಕ್ಷಿಣದ ಹಳ್ಳಿಯ ನಿಲ್ದಾಣದಂತೆ ಸಿಂಗರಿಸಿತು. ಹಳೆಯ ಪೆಟ್ಟಿಗೆಗಳು, ತೂಗುಕುರ್ಚಿ, ಜೀವಂತ ಮೇಕೆ, ಕೋಳಿ. ಹಳಿಯ ಈಚೆಯ ಕಟ್ಟೆಯ ಮೇಲೆ ಬಿಳಿಯ ತರುಣ ತರುಣಿಯರು. ಆಚೆಯ ಕಟ್ಟೆಯ ಮೇಲೆ ಹಾಡುವ ಕರಿಯರು. ನಡುವೆ ಹಳಿ. ಹೊಲವನ್ನು ಬಿಟ್ಟು 21 ವರ್ಷವಾಗಿದ್ದ ಮಡ್ಡಿ ವಾಟರ್ಸ್ ಆ ಮೇಕೆ ಕೋಳಿಗಳ ಊರಿನಲ್ಲಿ ಹಾಡಬೇಕಾಯಿತು. ಅದೇ ದಿನ ಸಿಸ್ಟರ್ ರೊಸೆಟಾ ಥಾರ್ಪ್ ಎಂಬ ಹೆಣ್ಣುಮಗಳು ಕುದುರೆಗಾಡಿಯಿಂದ ಇಳಿದು, ಸುರಿಯುವ ಮಳೆಯಲ್ಲಿ, ದಪ್ಪ ಕೋಟಿನ ಮೇಲೆ ವಿದ್ಯುತ್ ಗಿಟಾರು ತಗುಲಿಸಿಕೊಂಡು ಮಳೆಯ ಮೇಲಿನ ಹಾಡನ್ನೇ ಹಾಡಿದಳು. ಅವಳ ಕಂಠ ಎದ್ದಾಗ ಮೇಕೆಯೂ ಕಾಣಿಸಲಿಲ್ಲ, ಕೋಳಿಯೂ ಕಾಣಿಸಲಿಲ್ಲ. ನಾವು ಅದನ್ನು ನಾಲ್ಕು ಸಲ ನೋಡಿದೆವು.

ಹಾಗಾದರೆ ಆ ವೇಷ ಯಾರ ಪಾಪ? ಹಾಡಿದವರದೆನ್ನಲು ನಮಗೆ ನಾಲಗೆ ಬರುವುದಿಲ್ಲ. ತಮ್ಮ ದೇಶದಲ್ಲಿ ಬಿಳಿಯರ ಹೋಟೆಲಿನಲ್ಲಿ ಕುಳಿತು ಊಟ ಮಾಡುವ ಹಕ್ಕು ಅವರಲ್ಲಿ ಅನೇಕರಿಗೆ ಇರಲಿಲ್ಲ. ಪರದೇಶದಲ್ಲಿ ಅದು ದೊರೆಯಿತು. ಮೆಂಫಿಸ್ ಸ್ಲಿಮ್ ಎಂಬ ಪಿಯಾನೋ ವಾದಕ 1962ರಲ್ಲಿ ಪ್ಯಾರಿಸಿಗೆ ಹೋಗಿ ಅಲ್ಲಿಯೇ ನೆಲೆಸಿ, 1988ರಲ್ಲಿ ಅಲ್ಲಿಯೇ ತೀರಿಕೊಂಡನು. ಹುಟ್ಟಿದ ಊರಿನಲ್ಲಿ ಸಿಗದ ಮನ್ನಣೆಯನ್ನು ಹುಡುಕಿ ಹೋದವನಿಗೆ, ನೀನು ಊರನ್ನು ಮಾರಿದೆ ಎನ್ನುವ ಅಧಿಕಾರ ಊರಿಗೆ ಎಲ್ಲಿಂದ ಬಂತು?

ನಮ್ಮವರ ಮಾತಿಗೆ ಬರೋಣ. ರಾಯಚೂರಿನಲ್ಲಿ, ನಿಜಾಮರ ಕಾಲದಲ್ಲಿ, ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರನ್ನು ನಮ್ಮ ಭಾಗದ ಹಿರಿಯರು ಬಲ್ಲರು. ಅವರ ಮಗ ರಾಜೀವ ತಾರಾನಾಥರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಕೈತುಂಬ ಸಂಬಳದ ವೃತ್ತಿಯನ್ನು ಬಿಟ್ಟು ಸರೋದಿನ ಹಿಂದೆ ಹೋದರು. ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರಾದರು. 1995ರಿಂದ 2005ರವರೆಗೆ ಕ್ಯಾಲಿಫೋರ್ನಿಯದ ಕಲಾಶಾಲೆಯೊಂದರಲ್ಲಿ ಭಾರತೀಯ ಸಂಗೀತವನ್ನು ಕಲಿಸಿದರು. 2024ರ ಜೂನಿನಲ್ಲಿ ಮೈಸೂರಿನಲ್ಲಿ ನಿಧನರಾದರು. ಹಾಡಿನಿಂದ ಹೊಟ್ಟೆ ತುಂಬುವುದಿಲ್ಲ ಎಂದು ಅವರಿಗೂ ಯಾವನಾದರೊಬ್ಬ ಮುಖ್ಯೋಪಾಧ್ಯಾಯ ಹೇಳಿರಬಹುದೇ ಎಂದು ನಾವು ಈಚೆಗೆ ಯೋಚಿಸುವುದುಂಟು. ಅವರು ಪರದೇಶದವರನ್ನು ಶ್ರೋತೃಗಳೆಂದಲ್ಲ, ಶಿಷ್ಯರೆಂದು ಕೂರಿಸಿಕೊಂಡರು. ಕೇಳುವವನು ಕಲಿಯುವವನಾದಾಗ ವೇಷದ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೆ ರಾಗಸಂಗೀತಕ್ಕೆ ಗುರುವಿನ ಪೀಠವೊಂದು ಮೊದಲೇ ಇದೆ. ಏಕತಾರಿಯವನಿಗೆ ಅಂಥ ಪೀಠವನ್ನು ಹಾಕಿಕೊಟ್ಟವರು ಯಾರು?

ಇನ್ನೊಬ್ಬರು ರಘು ದೀಕ್ಷಿತರು. ಮೈಸೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಭರತನಾಟ್ಯ ಕಲಿತು, ಗಿಟಾರಿಗೆ ತಿರುಗಿದವರು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲಂಡರ ಕಾರ್ಯಕ್ರಮದಲ್ಲಿ, 2011ರಲ್ಲಿ ಗ್ಲಾಸ್ಟನ್‌ಬರಿಯ ಮಹೋತ್ಸವದಲ್ಲಿ ಹಾಡಿದರು. ಶಿಶುನಾಳ ಶರೀಫರ ಪದಗಳನ್ನು ಕನ್ನಡದ ಗಂಧವಿಲ್ಲದ ಸಾವಿರಾರು ಜನರ ಮುಂದೆ ಕನ್ನಡದಲ್ಲಿಯೇ ಹಾಡುತ್ತಾರೆ. ಬಣ್ಣಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಇದೂ ವೇಷವೇ ಎಂದು ನಮ್ಮ ಸಂಘದ ಹಿರಿಯರೊಬ್ಬರು ಮೂಗು ಮುರಿದರು. ಶರೀಫರು ಗೆಜ್ಜೆ ಕಟ್ಟಿ ಹಾಡಿದ್ದರೇ ಎಂದರು. ನಮಗೆ ಹಾಗೆನ್ನಿಸಲಿಲ್ಲ. ತನಗೆ ತಾನೇ ಆರಿಸಿಕೊಂಡು ಕಟ್ಟಿದ ಗೆಜ್ಜೆ ಬೇರೆ, ಮ್ಯಾನೇಜರು ತಂದು ತಲೆಗಿಟ್ಟ ಪೇಟ ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಣ್ಣದ ಬಟ್ಟೆಯಾಗಿ ಕಾಣುತ್ತವೆ ಎಂಬುದೇ ತೊಡಕು.

ಇಷ್ಟಕ್ಕೂ ವೇಷ ತೊಡುವುದಕ್ಕೆ ಕಡಲು ದಾಟಬೇಕೇ? ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಮೂರೂ ಆಂಧ್ರಪ್ರದೇಶಕ್ಕೆ ಸೇರಿದವು. ನಮ್ಮ ತಂದೆಯವರು ಅಂದು ಯಾವ ಬಂಡಿಯನ್ನೂ ಹತ್ತಲಿಲ್ಲ. ಮಲಗಿದಲ್ಲಿಯೇ ಹೊರನಾಡಿನವರಾಗಿ ಎದ್ದರು. ಅಂದಿನಿಂದ ನಾವು ಕಚೇರಿಯಲ್ಲಿ ತೆಲುಗಿನವರಂತೆ, ಸಂತೆಯಲ್ಲಿ ದಖನಿ ಉರ್ದುವಿನವರಂತೆ, ನವೆಂಬರಿನಲ್ಲಿ ಶಾಲು ಹೊದ್ದು ಕನ್ನಡದವರಂತೆ ಬಾಳಿದ್ದೇವೆ. ಬೆಂಗಳೂರಿನಿಂದ ಬಂದ ಅತಿಥಿಗಳು ನಮ್ಮ ಮಾತು ಕೇಳಿ, ಇದು ಅಚ್ಚ ಹಳ್ಳಿಯ ಕನ್ನಡ, ಇನ್ನಷ್ಟು ಆಡಿ ಎಂದಾಗ ನಾವೂ ಸ್ವಲ್ಪ ಜಾಸ್ತಿಯೇ ಆಡಿದ್ದೇವೆ. ಅವರ ಚಪ್ಪಾಳೆ ಹಿತವಾಗಿತ್ತು. ಅದು ಪೇಟವಲ್ಲದೆ ಮತ್ತೇನು? ಮೂವತ್ತೆಂಟು ವರ್ಷ ಸರಕಾರದ ಸಂಬಳ ಉಂಡು, ಶಾಲೆ ನೋಡಲು ಬರುವ ಅಧಿಕಾರಿಗಳ ಮುಂದೆ ಅವರಿಗೆ ಬೇಕಾದ ಹಾಡನ್ನೇ ಮಕ್ಕಳಿಂದ ಹಾಡಿಸಿದವರು ನಾವು. ಹೋಟೆಲಿನ ಗಾಯಕನಿಗೆ ತೀರ್ಪು ಹೇಳಲು ನಾವು ಏರಿ ಕುಳಿತ ಪೀಠ ಅಷ್ಟೇನೂ ಎತ್ತರದ್ದಲ್ಲ.

ಕೂಲಿಯ ವಿಷಯಕ್ಕೆ ಬಂದರೆ, ಹಾಡಿಗೆ ಹಣ ಪಡೆಯುವುದೇ ಹೀನವೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಇದು ಹೊಟ್ಟೆ ತುಂಬಿದವರ ಭಾವನೆ. ಹರಿದಾಸರಿಗೆ ಮಧುಕರ ವೃತ್ತಿಯಿತ್ತು, ಜಂಗಮರಿಗೆ ಭಿಕ್ಷೆಯಿತ್ತು, ನಮ್ಮ ತತ್ವಪದದವರಿಗೆ ಸುಗ್ಗಿಯ ಜೋಳವಿತ್ತು. ಮಾಣಿಕನಗರದ ದರಬಾರಿಗೆ ದೂರದೂರದಿಂದ ಬರುವ ಗಾಯಕರು ಬರಿಗೈಯಲ್ಲಿ ಮರಳುವುದಿಲ್ಲ. ಜರಾಸಂಗಮದ ಸಂಗಮೇಶ್ವರನ ಜಾತ್ರೆಯಲ್ಲಿ ಹಾಡಿದವನ ಮುಂದೆ ಹಾಸಿದ ಬಟ್ಟೆಯ ಮೇಲೆ ಬೀಳುವ ಕಾಸನ್ನು ಯಾರೂ ಮಾರಾಟವೆಂದು ಕರೆದಿಲ್ಲ. ಜೋಳಕ್ಕೂ ಕೊಲ್ಲಿಯ ದಿನಾರಕ್ಕೂ ಧರ್ಮದಲ್ಲಿ ಅಂತರವಿಲ್ಲ. ಆದರೂ ಒಂದು ಅಂತರವಿದೆ ಎಂದು ಮನಸ್ಸು ಹೇಳುತ್ತದೆ; ಅದು ಎಲ್ಲಿದೆ ಎಂದು ಹುಡುಕಿದೆವು. ಜೋಳ ಕೊಡುವವಳು ಹಾಡು ಮುಗಿದ ಮೇಲೆ, ಹೋದ ವರ್ಷ ಈ ನುಡಿಯನ್ನು ಬಿಟ್ಟೆಯಲ್ಲ, ಯಾಕೆ ಎಂದು ಕೇಳಬಲ್ಲವಳು. ಅವಳ ಸೇರಿನಲ್ಲಿ ಜೋಳದ ಜೊತೆಗೆ ಅಂಥ ವಿಚಾರಣೆಯೂ ಇತ್ತು. ದಿನಾರ ಕೊಡುವವನು ಏನನ್ನೂ ಕೇಳುವುದಿಲ್ಲ, ಚೆನ್ನಾಗಿತ್ತು ಎನ್ನುತ್ತಾನೆ. ಹಾಡು ಹಾಳಾಗುವುದು ಕಾಸಿನಿಂದಲ್ಲ, ತಪ್ಪನ್ನು ಹಿಡಿಯುವವರು ಇಲ್ಲದಿರುವುದರಿಂದ.

ಹಾಗೆಂದು ಊರಿನಲ್ಲಿ ಉಳಿದಿದ್ದರೆ ತಪ್ಪು ಹಿಡಿಯುವವರು ಸಿಗುತ್ತಿದ್ದರೇ? ಆ ಸೇರು ಯಾವಾಗ ನಿಂತಿತೆಂದು ನಾವು ನೆನಪು ಮಾಡಿಕೊಂಡೆವು. ಜೋಳದ ಹೊಲಗಳು ಹತ್ತಿಗೆ, ಕಬ್ಬಿಗೆ ತಿರುಗಿದವು. ಬಾಗಿಲುಗಳಿಗೆ ಕಬ್ಬಿಣದ ಗೇಟು ಬಂತು. ಭಜನೆಯ ಗುಡಿಗೆ ಧ್ವನಿವರ್ಧಕ ಬಂತು. ಅದರಲ್ಲಿ ಕ್ಯಾಸೆಟ್ಟು ಹಾಡಿತು. ಇವನ ತಂದೆ ಕೊನೆಕೊನೆಗೆ ಬಂದಾಗ ನಮ್ಮ ಮನೆಯವರೇ ಹತ್ತು ರೂಪಾಯಿಯ ನೋಟು ಕೊಟ್ಟು, ಹಾಡುವುದು ಬೇಡ, ಮಗುವಿಗೆ ಪರೀಕ್ಷೆ ಇದೆ ಎಂದು ಕಳುಹಿಸಿದ್ದುಂಟು. ಹಾಡದೆ ಪಡೆದ ಆ ಹತ್ತು ರೂಪಾಯಿ ಆತನಿಗೆ ಎಷ್ಟು ಭಾರವಾಗಿದ್ದೀತು! ಹಾಡಿಸಿಕೊಂಡು ಕೊಡುವ ಪರದೇಶದವನು ನಮಗಿಂತ ಮೇಲಲ್ಲವೇ? ಜಹೀರಾಬಾದಿನ ಹತ್ತಿರ ಮಾಚನೂರಿನಲ್ಲಿ ಹೊಲದಲ್ಲಿ ದುಡಿಯುವ ದಲಿತ ಹೆಣ್ಣುಮಕ್ಕಳೇ 2008ರಿಂದ ಸಂಘಂ ರೇಡಿಯೋ ನಡೆಸುತ್ತಿದ್ದಾರೆ. ಅದರಲ್ಲಿ ಸುತ್ತಲಿನ ಹಳ್ಳಿಗಳ ಹಾಡು ಹಳ್ಳಿಗಳಿಗೇ ಕೇಳಿಸುತ್ತದೆ. ಅವರು ಬಾನುಲಿಯನ್ನೇ ಕಟ್ಟಿದರು. ನಾವು ಒಂದು ಸೇರನ್ನು ಉಳಿಸಿಕೊಳ್ಳಲಿಲ್ಲ.

ನಾಲ್ಕು ದಿನದ ಮೇಲೆ ನಾವೇ ಫೋನು ಮಾಡಿದೆವು. ಪೇಟ ಸುತ್ತಿಕೋ, ಹೊಟ್ಟೆಪಾಡಿಗೆ ತಲೆಯ ಮೇಲೆ ಏನಿಟ್ಟುಕೊಂಡರೂ ದೋಷವಿಲ್ಲ; ಆದರೆ ಪದವನ್ನು ಮಾತ್ರ ಬದಲಿಸಬೇಡ ಎಂದೆವು. ಬಹಳ ಸಮತೂಕದ ತೀರ್ಪು ಕೊಟ್ಟೆವೆಂದು ನಮಗೆ ನಾವೇ ಮೆಚ್ಚಿಕೊಳ್ಳುತ್ತಿದ್ದಾಗ ಅವನು ನಕ್ಕನು. ಪದವನ್ನು ಮೂರು ನಿಮಿಷದಲ್ಲಿ ಮುಗಿಸಬೇಕೆಂದೂ, ಒಂದೇ ನುಡಿಯನ್ನು ಮತ್ತೆ ಮತ್ತೆ ಹಾಡಬಾರದೆಂದೂ ಹೋಟೆಲಿನವರು ಹೇಳಿದ್ದರಂತೆ. ಅಂದರೆ ಎರಡನೆಯ ಸಲ ಹೇಳುವಂತಿಲ್ಲ. ನಮ್ಮ ತೀರ್ಪು ಅಲ್ಲಿಗೆ ಮುರಿದುಬಿತ್ತು. ಏನು ಮಾಡುವೆ ಎಂದು ಕೇಳಿದೆವು. “ನೋಡ್ತೀನ್ರಿ” ಎಂದನು.

ಒಂದು ವಾರದ ಮೇಲೆ ತಿಳಿದದ್ದು ಇಷ್ಟು. ಮೊದಲ ಎರಡು ದಿನ ಪೇಟ ಸುತ್ತಿಕೊಂಡು, ಮೂರು ನಿಮಿಷದಲ್ಲಿಯೇ ಮುಗಿಸಿದನು. ಮೂರನೆಯ ದಿನ ಪೇಟವನ್ನು ಮಂಚದ ಮೇಲೆ ಪಕ್ಕಕ್ಕಿಟ್ಟು, ಗಿಟಾರು ತೆಗೆದುಕೊಂಡು, ಬ್ಲೂಸಿನ ಕಟ್ಟಿನಲ್ಲಿಯೇ ತಂದೆಯ ಪದವನ್ನು ಹಾಡಿದನು. ಆ ಕಟ್ಟಿನಲ್ಲಿ ಸಾಲು ಎರಡು ಸಲ ಬರಲೇಬೇಕಲ್ಲ! ಗೋವೆಯವನು ತಾಳ ಹಿಡಿದನು. ಹತ್ತು ನಿಮಿಷವಾಯಿತಂತೆ. ಮ್ಯಾನೇಜರು ಏನೆಂದನು ಎಂದು ಆತಂಕದಿಂದ ಕೇಳಿದೆವು. ಅವನು ಗಮನಿಸಲೇ ಇಲ್ಲವಂತೆ. ಅಡುಗೆಮನೆಯಲ್ಲಿ ತಂದೂರಿ ರೊಟ್ಟಿಯ ವಿಷಯದಲ್ಲಿ ಜಗಳ ನಡೆದಿತ್ತಂತೆ.

ಈ ದೀಪಾವಳಿಗೆ ಅವನು ಊರಿಗೆ ಬಂದಿದ್ದನು. ತಾಯಿಯ ಮನೆಗೆ ತಾಂಡೂರಿನ ಕಲ್ಲು ಹಾಸಿಸಿದ್ದಾನೆ. ಗೋಡೆಯ ಗೂಟಕ್ಕೆ ತಂದೆಯ ಏಕತಾರಿ ತೂಗುಹಾಕಿದೆ, ತಂತಿ ಇಲ್ಲ. ಹಾಕಿಸಿಕೊಡಿ, ಮುಂದಿನ ಸಲ ಒಯ್ಯುತ್ತೇನೆ ಎಂದು ನಮ್ಮ ಕೈಗೆ ಕೊಟ್ಟು ಹೋದನು. ನಾವು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಜಹೀರಾಬಾದಿಗೆ ಹೋಗಿ ಮೂರು ಅಂಗಡಿ ಕೇಳಿದೆವು. ಒಬ್ಬನಲ್ಲಿ ಗಿಟಾರಿನ ತಂತಿ ಇತ್ತು, ಬೇಕೇ ಎಂದನು. ಬೇಡವೆಂದು ಹೊರಟು, ಬಾಗಿಲವರೆಗೆ ಬಂದು, ಮತ್ತೆ ಒಳಗೆ ಹೋಗಿ ಒಂದನ್ನು ಕೊಂಡೆವು. ಕೂರುತ್ತದೆಯೋ ಇಲ್ಲವೋ, ಈ ಭಾನುವಾರ ಬೀದರದಲ್ಲಿ ಒಬ್ಬರಿಗೆ ತೋರಿಸಬೇಕು.